18 ತಿಂಗಳು ಕೇಳಿದ್ದೇಕೆ: ಕಾಸರಗೋಡಿನ ಕ್ಷೇತ್ರಕಾರ್ಯದಲ್ಲಿ ನನ್ನ ಅನುಭವ

ಕುಂಬಳೆ, ಬದಿಯಡ್ಕ, ಪೆರ್ಲ ಭಾಗದ ಮಹಿಳೆಯರ ಖಿನ್ನತೆಯ ಅಧ್ಯಯನಕ್ಕೆ ನಾನು 18 ತಿಂಗಳ ಅವಧಿ ಕೇಳಿದಾಗ, ದಿನಕ್ಕೆ ನಾಲ್ಕು ಮನೆಯಂತೆ ಹಿಡಿದರೂ ಆರು ತಿಂಗಳಲ್ಲಿ ಮುಗಿಯುವ ಕೆಲಸವಿದು ಎಂದು ಹಣ ಕೊಡುವವರೂ ಕೆಲವು ಹಿರಿಯ ಸಂಶೋಧಕರೂ ವಾದಿಸಿದ್ದರು. ಸುಮಾರು 200 ಸಂದರ್ಶನಗಳನ್ನು ಮುಗಿಸಿ ವರದಿಯನ್ನು ಅವಧಿಯೊಳಗೇ ಒಪ್ಪಿಸಿದ್ದೇವೆ. ಅಂದು ವಾದಿಸಿದವರಲ್ಲೇ ಇಬ್ಬರು ಈಗ ನನ್ನ ವೇಳಾಪಟ್ಟಿಯ ಪ್ರತಿಯನ್ನು ಕೇಳಿ ಪಡೆದಿದ್ದಾರೆ.

ಮಹಿಳೆಯರಿಗೆ ಬಿಡುವಿರುವ ಹೊತ್ತಿನಿಂದಲೇ ನಾನು ಲೆಕ್ಕ ಆರಂಭಿಸಿದೆ. ಬೀಡಿಯನ್ನು ಬ್ರಾಂಚಿಗೆ, ಅಂದರೆ ಎಲೆ ಕೊಟ್ಟು ಕಟ್ಟಿದ ಬೀಡಿ ಪಡೆಯುವ ಕೇಂದ್ರಕ್ಕೆ, ಒಪ್ಪಿಸುವ ಹಿಂದಿನ ದಿನ ಬೀಡಿ ಕಟ್ಟುವವರು ತಲೆ ಎತ್ತುವುದಿಲ್ಲ. ಮೊರ ಮಡಿಲಲ್ಲೇ ಇರುತ್ತದೆ, ಎಲೆ ಸುರುಟುವ ಬೆರಳು ನಿಲ್ಲುವುದಿಲ್ಲ, ಯಾವ ಪ್ರಶ್ನೆಗೂ ‘ಹಾಗೇನೂ ಇಲ್ಲ’ ಎಂಬ ಒಂದೇ ಉತ್ತರ ಬರುತ್ತದೆ. ಉದ್ಯೋಗ ಖಾತರಿಯ ಕೆಲಸಕ್ಕೆ ಹೋದವರು ಸಂಜೆಯವರೆಗೆ ಸಿಗುವುದಿಲ್ಲ. ಅಡಿಕೆ ಸುಲಿಯುವ ಕಾಲ, ಮಾರ್ಚಿನ ಪರೀಕ್ಷೆಗಳು, ಜೋರು ಮಳೆಯ ವಾರಗಳು, ರಂಜಾನ್ ಇವನ್ನೆಲ್ಲ ಕಳೆದರೆ ವರ್ಷಕ್ಕೆ ಐದು ತಿಂಗಳು ದಕ್ಕಿದರೆ ಹೆಚ್ಚು. ರಂಜಾನ್ ವರ್ಷಕ್ಕೆ ಸುಮಾರು 11 ದಿನ ಮೊದಲೇ ಬರುವುದರಿಂದ ಹಳೆಯ ಪಟ್ಟಿಯನ್ನು ನಕಲು ಮಾಡಿ ಪ್ರಯೋಜನವಿಲ್ಲ.

ಜುಲೈ–ಆಗಸ್ಟ್‌ನ ಮಳೆಗಾಲದಲ್ಲಿ ಬರುವ ತುಳುವರ ಆಟಿ ತಿಂಗಳಲ್ಲಿ ಎಲ್ಲರೂ ಮನೆಯಲ್ಲಿರುತ್ತಾರೆಂದು ಆಗಲೂ ಒಂದಷ್ಟು ಮನೆಗಳಿಗೆ ಹೋಗಿ ನೋಡಿದೆವು. ಗಂಡ, ಅತ್ತೆ, ಮಕ್ಕಳು ಎಲ್ಲರೂ ಒಂದೇ ಚಾವಡಿಯಲ್ಲಿ ಕುಳಿತಿರುವಾಗ ಯಾವ ಹೆಣ್ಣೂ ಬಾಯಿ ಬಿಡಲಾರಳು. ಫೋನಿನಲ್ಲಿ ಮಾತನಾಡಿಸುವ ಪ್ರಯತ್ನವೂ ಇದೇ ಕಾರಣಕ್ಕೆ ನೆಲಕಚ್ಚಿತು. ಅತ್ತೆಯವರನ್ನು ನೋಯಿಸದೆ ಅರ್ಧ ಗಂಟೆ ಬೇರೆಡೆ ಇರಿಸುವ ಉಪಾಯವೊಂದು ನಮ್ಮ ತಂಡದಲ್ಲಿದೆ. ಅದನ್ನು ಬಹಿರಂಗವಾಗಿ ಬರೆದರೆ ಮುಂದೆ ನಡೆಯದು.

ಮೊದಲ ಭೇಟಿ ಪರಿಚಯಕ್ಕೆ, ಎರಡನೆಯದು ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಾದ ಪಿಎಚ್‌ಕ್ಯೂ-9ಕ್ಕೆ, ಮೂರನೆಯದು ದೀರ್ಘ ಮಾತುಕತೆಗೆ ಎಂದು ವಿಂಗಡಿಸಿದ್ದೆವು. ಆ ಪ್ರಶ್ನಾವಳಿ ಕಳೆದ ಎರಡು ವಾರಗಳ ಸ್ಥಿತಿಯನ್ನು ಕೇಳುತ್ತದೆಯಾದ್ದರಿಂದ ಅದನ್ನು ಅರ್ಧಕ್ಕೆ ನಿಲ್ಲಿಸಿ ಮುಂದಿನ ತಿಂಗಳು ಪೂರ್ಣಗೊಳಿಸುವಂತಿಲ್ಲ. ಒಂಬತ್ತನೆಯ ಪ್ರಶ್ನೆಗೆ, ಅಂದರೆ ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತಾದ ಪ್ರಶ್ನೆಗೆ, ಹೌದೆಂದು ಉತ್ತರ ಬಂದರೆ ಆ ದಿನದ ಉಳಿದ ಸಂದರ್ಶನಗಳೆಲ್ಲ ರದ್ದು. ಆಕೆಯೊಡನೆ ಕುಳಿತಿರಬೇಕು, ಆಕೆ ಒಪ್ಪಿದರೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಸಬೇಕು, ವೈದ್ಯರ ಬಳಿಗೆ ಜೊತೆಯಲ್ಲೇ ಹೋಗಬೇಕು. ಇದಕ್ಕೆಂದೇ ಪ್ರತಿ ವಾರ ಒಂದು ದಿನವನ್ನು ಖಾಲಿ ಇಟ್ಟಿದ್ದೆ. ಪಟ್ಟಿ ನೋಡಿದವರೆಲ್ಲ ಕತ್ತರಿಸಲು ಹೇಳಿದ್ದು ಆ ದಿನವನ್ನೇ, ಮತ್ತು ನಾನು ಒಂದಿಷ್ಟೂ ಬಿಟ್ಟುಕೊಡದಿದ್ದುದೂ ಅದನ್ನೇ.

ಕನ್ನಡ, ಮಲಯಾಳ, ತುಳು ಪ್ರಶ್ನಾವಳಿಗಳನ್ನು ಪೂರ್ತಿ ಸಿದ್ಧಪಡಿಸಿದ ಬಳಿಕವೇ, ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ (ನೈತಿಕ ಸಮಿತಿಗೆ) ಕಳುಹಿಸಿ. ಅನುಮತಿ ಸಿಕ್ಕ ಮೇಲೆ ಒಂದು ವಾಕ್ಯ ತಿದ್ದಿದರೂ ಮತ್ತೆ ಅರ್ಜಿ ಹಾಕಬೇಕು.

ಹಣದ ವಿಷಯದಲ್ಲಿ, ಎರಡನೆಯ ಕಂತು ನಾಲ್ಕು ತಿಂಗಳಷ್ಟು ತಡವಾಗಿ ಬಂತು. ಮೊದಲ ಕಂತಿನಲ್ಲೇ ಸಹಾಯಕಿಯರ ಎರಡು ತಿಂಗಳ ಸಂಬಳವನ್ನು ತೆಗೆದಿರಿಸಿದ್ದರಿಂದ ಯಾರೂ ಬಿಟ್ಟುಹೋಗಲಿಲ್ಲ. ಉಳಿದ ತಿಂಗಳುಗಳನ್ನು ಧ್ವನಿಮುದ್ರಣಗಳನ್ನು ಬರಹಕ್ಕಿಳಿಸುವ ಕೆಲಸದಲ್ಲಿ, ಅರ್ಧ ಸಂಬಳದಲ್ಲಿ ನಿಭಾಯಿಸಿದೆವು. ಸಂದರ್ಶನಕ್ಕಿಷ್ಟು ಎಂದು ಹಣ ಕೊಟ್ಟರೆ ಅವಸರದಲ್ಲಿ ತುಂಬಿದ ಫಾರಂಗಳಷ್ಟೇ ಕೈಗೆ ಬರುತ್ತವೆ, ಆದ್ದರಿಂದ ತಿಂಗಳ ಸಂಬಳವನ್ನೇ ಕೊಡಿ. ಪೆರ್ಲದ ಒಳದಾರಿಗಳಿಗೆ ಹೋದ ಆಟೋ ಕಾಯುವ ಹೊತ್ತಿಗೂ ಬಾಡಿಗೆ ಕೇಳುತ್ತದೆ. ನಮ್ಮ ಪ್ರಯಾಣದ ಖರ್ಚು ಅಂದಾಜಿಗಿಂತ ಒಂದೂವರೆ ಪಟ್ಟಾಯಿತು. ತುಳು ಮಲಯಾಳ ಬೆರೆತ ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಎಂಟು ಗಂಟೆಯಾದರೂ ಬೇಕು, ಅದನ್ನು ಕ್ಷೇತ್ರಕಾರ್ಯದ ಜೊತೆಜೊತೆಗೇ ಮುಗಿಸುತ್ತ ಬನ್ನಿ.