ಗೋಲಿ ಬೀಳದ ರೋಲರ್ ಕೋಸ್ಟರ್ ಮಾಡುವುದು ಹೇಗೆ?

ಮಡಿಕೇರಿ, ವಿರಾಜಪೇಟೆ ಕಡೆಯ ಶಾಲೆಗಳಲ್ಲಿ ವಿಜ್ಞಾನ ಮೇಳ ನಡೆದರೆ ಗೋಲಿ ಓಡಿಸುವ ರೋಲರ್ ಕೋಸ್ಟರ್ ಮಾದರಿ ಬಂದೇ ಬರುತ್ತದೆ. ಗೋಲಿ ಜೋರಾಗಿ ಇಳಿಯುತ್ತದೆ, ತಲೆಕೆಳಗಾಗಿ ತಿರುಗಬೇಕಾದ ಸುತ್ತಿನ (ಲೂಪ್) ನೆತ್ತಿ ಹತ್ತಿರ ಬಂದು ದೊಪ್ಪನೆ ಬೀಳುತ್ತದೆ. ಮೇಷ್ಟ್ರು "ಇನ್ನೊಂದ್ಸಲ ಬಿಡಪ್ಪಾ" ಅಂತಾರೆ. ಆಗಲೂ ಬೀಳುತ್ತದೆ.

ಮೊದಲು ಹಳಿ. ಎಸಿ ಪೈಪಿಗೆ ಸುತ್ತುವ ಕಪ್ಪು ಸ್ಪಂಜ್ ಪೈಪ್ ತಂದು ಉದ್ದಕ್ಕೆ ಸೀಳಿ, ಎರಡು ಹಳಿ ಸಿಗುತ್ತದೆ. ರಟ್ಟು ಬೇಡವೇ ಬೇಡ, ನಮ್ಮ ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತದೆ. ಸೆಲ್ಲೋ ಟೇಪೂ ಬಿಟ್ಟುಕೊಳ್ಳುತ್ತದೆ, ವೈರಿಂಗ್‌ನವರ ಇನ್ಸುಲೇಷನ್ ಟೇಪ್ ತನ್ನಿ.

ಈಗ ಸುತ್ತು. ಎಲ್ಲರೂ ಎಡವುವುದು ಇಲ್ಲೇ. ಸುತ್ತಿನ ನೆತ್ತಿ ಎಷ್ಟು ಎತ್ತರವೋ ಅಷ್ಟೇ ಎತ್ತರದಿಂದ ಗೋಲಿ ಬಿಟ್ಟರೆ ಸಾಕು ಅಂದುಕೊಳ್ಳುತ್ತಾರೆ. ಸಾಲದು. ನೆತ್ತಿಯಲ್ಲೂ ಗೋಲಿಗೆ ವೇಗ ಉಳಿದಿರಬೇಕು, ಇಲ್ಲದಿದ್ದರೆ ಅದು ಹಳಿ ಬಿಟ್ಟು ಬೀಳುತ್ತದೆ. 20 ಸೆಂ.ಮೀ. ಅಗಲದ ಸುತ್ತಾದರೆ ನೆತ್ತಿಯಲ್ಲಿ ಸೆಕೆಂಡಿಗೆ ಸುಮಾರು 1 ಮೀಟರ್ ವೇಗ ಬೇಕು. ಇಳಿಯುವಾಗ ಸ್ಥಿತಿಶಕ್ತಿಯ ಒಂದು ಪಾಲು ಗೋಲಿ ಉರುಳುವುದಕ್ಕೇ ಹೋಗುತ್ತದೆ, ಹಾಗಾಗಿ ಲೆಕ್ಕದಲ್ಲಿ ಸುತ್ತಿನ ತಳದಿಂದ 27 ಸೆಂ.ಮೀ. ಎತ್ತರ ಬರುತ್ತದೆ. ಸ್ಪಂಜಿನ ಘರ್ಷಣೆ ಇನ್ನಷ್ಟು ತಿನ್ನುತ್ತದೆ. ನೀವು ನೇರವಾಗಿ 40ಕ್ಕೆ ಹೋಗಿ. ಭಾರದ ಗೋಲಿ ಹಾಕಿದರೆ ಆಗುತ್ತೆ ಅನ್ನುವವರ ಮಾತು ಕೇಳಬೇಡಿ, ಈ ಲೆಕ್ಕದಲ್ಲಿ ತೂಕಕ್ಕೆ ಜಾಗವೇ ಇಲ್ಲ.

ಸುತ್ತಿನೊಳಗೆ ಜೋಡಣೆ ಬರಬಾರದು. ಎರಡೂ ಪಕ್ಕ ಕಡ್ಡಿ ನೆಟ್ಟು ಬಿಗಿಯಾಗಿ ಕಟ್ಟಿ, ಮರಕಪಾತಿನಲ್ಲಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯುವಾಗ, ಸಿಕ್ಕ ಕಡ್ಡಿಯೇ ಸಾಕು. ಗೋಲಿ ಹೋಗುವಾಗ ಸುತ್ತು ಅಲ್ಲಾಡಿದರೆ ಶಕ್ತಿ ಆ ಅಲ್ಲಾಟಕ್ಕೆ ಸೋರಿಹೋಯಿತು ಅಂತಲೇ ಅರ್ಥ. ಕೈಯಲ್ಲಿ ಹಿಡಿದು ನಿಲ್ಲುವ ಮಕ್ಕಳಿದ್ದಾರೆ, ಅದು ಬೇಡ.

ಇನ್ನೊಂದು ವಿಷಯ, ಸುತ್ತನ್ನು ಬಳೆಯಷ್ಟು ಗುಂಡಗೆ ಮಾಡಬೇಡಿ. ಮೇಲೆ ಕಿರಿದು, ಕೆಳಗೆ ಅಗಲ ಇರಲಿ. ಜನ ಕೂರುವ ನಿಜವಾದ ಕೋಸ್ಟರ್‌ನಲ್ಲಿ ಸುತ್ತು ಪೂರ್ತಿ ಗುಂಡಗಿದ್ದರೆ ಅದರೊಳಗೆ ಹೋಗುವಾಗ ಕೂತವರ ಕುತ್ತಿಗೆ ಮೇಲೆ ಜಾಸ್ತಿ ಭಾರ ಬೀಳುತ್ತದೆ. 1976ರಲ್ಲಿ ಅಮೆರಿಕದ ಮ್ಯಾಜಿಕ್ ಮೌಂಟನ್ ಮನರಂಜನಾ ಪಾರ್ಕಿನಲ್ಲಿ ಶುರುವಾದ ಕೋಸ್ಟರ್‌ಗೆ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಇಂಥದ್ದೇ ಆಕಾರ ಕೊಟ್ಟರು.

ಕೊನೆಗೆ ಡಿಕ್ಕಿ. ಹಳಿಯ ಸಮತಟ್ಟು ಭಾಗದಲ್ಲಿ ಅದೇ ಗಾತ್ರದ ಇನ್ನೊಂದು ಗೋಲಿ ಇಡಿ. ಬಂದದ್ದು ಹೆಚ್ಚುಕಡಿಮೆ ನಿಲ್ಲುತ್ತದೆ, ಇದ್ದದ್ದು ಓಡುತ್ತದೆ. ನಡುವೆ ಸ್ಪಂಜ್ ತುಂಡಿಟ್ಟರೆ ಡಿಕ್ಕಿಗೆ ಹೆಚ್ಚು ಸಮಯ ಸಿಕ್ಕಿ ಏಟು ಮೆತ್ತಗಾಗುತ್ತದೆ. ಡ್ಯಾಶಿಂಗ್ ಕಾರಿನ ಸುತ್ತ ರಬ್ಬರ್ ಇರುವುದು ಅದಕ್ಕೇ ಅಲ್ವಾ? ಸ್ಪಂಜ್ ಇಲ್ಲದಾಗ ಮೊದಲ ಗೋಲಿಯನ್ನು ಬಗ್ಗಿ ನೋಡಿ. ನಿಂತ ಹಾಗೆ ಕಂಡರೂ ಮತ್ತೆ ಒಂಚೂರು ಮುಂದಕ್ಕೆ ತೆವಳುತ್ತದೆ. ವೇಗ ಎದುರಿನ ಗೋಲಿಗೆ ಹೋಯಿತು, ತಿರುಗಾಟ ಮಾತ್ರ ಇದರಲ್ಲೇ ಉಳಿಯಿತು. ತೀರ್ಪುಗಾರರು ಕೇಳಿದರೆ ಇದನ್ನೇ ತೋರಿಸಿ ಹೇಳಿ.