ಮನೆಯ ಕಚೇರಿಗೆ ಫೆಂಗ್ ಶೂಯಿ: ಮೊದಲು ಮೇಜಿನ ಜಾಗ, ಆಮೇಲೆ ಉಳಿದದ್ದು

ಫೆಂಗ್ ಶೂಯಿಯ ಪ್ರಕಾರ ಮನೆಯ ಕೋಣೆಯೊಂದನ್ನು ಕಚೇರಿಯಾಗಿ ಸಜ್ಜುಗೊಳಿಸಲು ಹೊರಟವರು ಸಾಮಾನ್ಯವಾಗಿ ಗೋಡೆಯ ಬಣ್ಣದಿಂದಲೋ ಹಣ ತರುತ್ತದೆಂದು ನಂಬಲಾಗುವ ಮೂರು ಕಾಲಿನ ಕಪ್ಪೆಯ ಗೊಂಬೆಯಿಂದಲೋ ಕೆಲಸ ಆರಂಭಿಸುತ್ತಾರೆ. ಆರಂಭಿಸಬೇಕಾದದ್ದು ಮೇಜಿನ ಜಾಗದಿಂದ. ಚೀನಾದಲ್ಲಿ ಶತಮಾನಗಳಿಂದ ಬೆಳೆದುಬಂದ ಈ ಪದ್ಧತಿಯ ಮೊದಲ ಕಾಳಜಿ ನೆಲೆಯ ಆಯ್ಕೆಯೇ ಆಗಿತ್ತು. ‘ಚೀ’ ಎಂಬ ಪ್ರಾಣಶಕ್ತಿ ಗಾಳಿಗೆ ಸಿಕ್ಕರೆ ಚದುರುತ್ತದೆ, ನೀರು ಎದುರಾದಲ್ಲಿ ನಿಲ್ಲುತ್ತದೆ ಎಂಬ ಪ್ರಸಿದ್ಧ ಮಾತು ಇರುವುದು ಕೂಡ, ನಾಲ್ಕನೆಯ ಶತಮಾನದ ವಿದ್ವಾಂಸ ಗುವೊ ಪುವಿನದೆಂದು ಹೇಳಲಾಗುವ, ಸಮಾಧಿಗೆ ಸ್ಥಳ ಆರಿಸುವುದನ್ನು ಕುರಿತ ಗ್ರಂಥದಲ್ಲಿ. ಚೀಯನ್ನು ವಿಜ್ಞಾನ ಒಪ್ಪಿಲ್ಲ. ಆದರೂ ಮೇಜಿನ ಬಗೆಗಿನ ನಿಯಮಗಳಲ್ಲಿ ಹಲವು, ನಂಬಿಕೆಯ ಹಂಗಿಲ್ಲದೆಯೂ ಪಾಲಿಸಲು ಯೋಗ್ಯವಾಗಿವೆ.

ಮೊದಲ ಹಂತವಾಗಿ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿ. ಬಾಗಿಲಿನ ನೇರಕ್ಕೆ ಬಾರದ, ಆದರೆ ಕುಳಿತಲ್ಲಿಂದಲೇ ಬಾಗಿಲು ಕಾಣುವಂಥ ಜಾಗ ಸಾಮಾನ್ಯವಾಗಿ ಕರ್ಣರೇಖೆಯ ಆಚೆ ತುದಿಯಲ್ಲಿ ಸಿಗುತ್ತದೆ. ಇದನ್ನು ಅಧಿಕಾರದ ಸ್ಥಾನ ಎನ್ನುತ್ತಾರೆ. ಕುರ್ಚಿಯ ಬೆನ್ನಿಗೆ ಕಿಟಕಿಯಲ್ಲ, ಗಟ್ಟಿ ಗೋಡೆ ಇರಬೇಕು. ಹಿಂದೆ ಕಪ್ಪು ಆಮೆ, ಎಡಕ್ಕೆ ಹಸಿರು ಡ್ರ್ಯಾಗನ್, ಬಲಕ್ಕೆ ಬಿಳಿ ಹುಲಿ, ಮುಂದೆ ಕೆಂಪು ಹಕ್ಕಿ ಎಂಬ ಹಳೆಯ ಕಲ್ಪನೆಯಲ್ಲಿ ಆಮೆಯೆಂದರೆ ಮನೆಯ ಹಿಂದೆ ನಿಂತು ಗಾಳಿಯನ್ನು ತಡೆಯುವ ಬೆಟ್ಟ. ಕೋಣೆಯೊಳಗೆ ಆ ಪಾತ್ರವನ್ನು ಗೋಡೆ ವಹಿಸುತ್ತದೆ. ಹಕ್ಕಿಯ ದಿಕ್ಕು ತೆರೆದಿರಬೇಕಾದ್ದರಿಂದ ಮೇಜನ್ನು ಎದುರಿನ ಗೋಡೆಗೆ ಒತ್ತಿ ಇಡುವುದನ್ನು ಈ ಪದ್ಧತಿ ಮೆಚ್ಚುವುದಿಲ್ಲ. ಬೆನ್ನ ಹಿಂದಿನಿಂದ ಯಾರು ಬರುತ್ತಾರೋ ಎಂಬ ಸಣ್ಣ ಆತಂಕ ತಪ್ಪುವುದರಿಂದಲೇ ಮನಸ್ಸು ಕೆಲಸದಲ್ಲಿ ನಿಲ್ಲುತ್ತದೆ ಎಂದರೆ ತಪ್ಪಾಗಲಾರದು. ಕಿಟಕಿ ಪಕ್ಕಕ್ಕೆ ಬಂದರೆ ಕಂಪ್ಯೂಟರ್ ಪರದೆಯ ಮೇಲೆ ಬೆಳಕು ಪ್ರತಿಫಲಿಸುವ ತೊಂದರೆಯೂ ಕಡಿಮೆ.

ಚಿಕ್ಕ ಕೋಣೆಯಲ್ಲಿ ಇಷ್ಟೆಲ್ಲ ಹೊಂದಿಸಲು ಆಗದಿದ್ದರೆ, ಗೋಡೆಗೆ ಮುಖ ಮಾಡಿಯೇ ಕುಳಿತು, ಬಾಗಿಲು ಕಾಣುವಂತೆ ಮೇಜಿನ ಮೇಲೊಂದು ಪುಟ್ಟ ಕನ್ನಡಿಯನ್ನು ಇಡಬಹುದು. ಬೆನ್ನಿಗೆ ಕಿಟಕಿಯೇ ಬಂದರೆ ದಪ್ಪ ಪರದೆ ಮತ್ತು ಎತ್ತರದ ಬೆನ್ನೊರಗು ಇರುವ ಕುರ್ಚಿ ಸಾಕು. ತಲೆಯ ಮೇಲೆ ತೊಲೆ ಹಾದುಹೋಗದಂತೆ, ಕಪಾಟಿನ ಚೂಪು ಅಂಚು ನೇರವಾಗಿ ಮೈಗೆ ಗುರಿಯಿಡದಂತೆ ಕುರ್ಚಿಯನ್ನು ಒಂದಿಷ್ಟು ಸರಿಸಿ.

ಎರಡನೆಯದು ಅನಗತ್ಯ ವಸ್ತುಗಳ ವಿಲೇವಾರಿ. ಬಾಗಿಲು ಪೂರ್ತಿ ತೆರೆಯಬೇಕು, ಅದರ ಹಿಂದೆ ಪೆಟ್ಟಿಗೆಗಳು ಇರಬಾರದು, ತಂತಿಗಳು ಕಾಲಿಗೆ ಸಿಕ್ಕಬಾರದು.

ಗೊಂದಲ ಹುಟ್ಟುವುದು ಮೂರನೆಯ ಹಂತದಲ್ಲಿ, ಅಂದರೆ ದಿಕ್ಕುಗಳನ್ನು ಗುರುತಿಸುವಾಗ. ಬಾಗುವಾ ಎಂಬ ನಕ್ಷೆ ಜಾಗವನ್ನು ಎಂಟು ದಿಕ್ಕುಗಳು ಹಾಗೂ ಒಂದು ಕೇಂದ್ರವಾಗಿ ವಿಂಗಡಿಸಿ, ವೃತ್ತಿ, ಸಂಪತ್ತಿನಂಥ ಬದುಕಿನ ವಿಷಯಗಳನ್ನು ಅವುಗಳಿಗೆ ಹಂಚುತ್ತದೆ. ಸಾಂಪ್ರದಾಯಿಕ ಶಾಖೆ ಈ ನಕ್ಷೆಯನ್ನು ದಿಕ್ಸೂಚಿಯ ಪ್ರಕಾರ ಹಾಸುತ್ತದೆ. ಅದರಲ್ಲಿ ವೃತ್ತಿ ಯಾವಾಗಲೂ ಉತ್ತರಕ್ಕೆ, ಸಂಪತ್ತು ಆಗ್ನೇಯಕ್ಕೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫೆಂಗ್ ಶೂಯಿ ಗುರು ಲಿನ್ ಯುನ್ ಅಮೆರಿಕದಲ್ಲಿ ಜನಪ್ರಿಯಗೊಳಿಸಿದ ಶಾಖೆ ದಿಕ್ಸೂಚಿಯನ್ನು ಬಿಟ್ಟು ಬಾಗಿಲಿನಿಂದ ಲೆಕ್ಕ ಹಾಕುತ್ತದೆ; ಒಳಬರುವವರ ಎಡಗಡೆಯ ದೂರದ ಮೂಲೆಯೇ ಅಲ್ಲಿ ಸಂಪತ್ತಿನ ಜಾಗ. ಒಂದೇ ಕೋಣೆಗೆ ಇವೆರಡೂ ಬೇರೆ ಬೇರೆ ಉತ್ತರ ಕೊಡಬಹುದಾದ್ದರಿಂದ ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಮೊಬೈಲಿನ ದಿಕ್ಸೂಚಿ ಬಳಸುವವರು ಸ್ಪೀಕರ್ ಮತ್ತು ಕಬ್ಬಿಣದ ಬೀರುವಿನಿಂದ ದೂರ ನಿಂತು ಎರಡು ಮೂರು ಕಡೆ ಅಳೆಯುವುದು ಒಳ್ಳೆಯದು, ಏಕೆಂದರೆ ಅಯಸ್ಕಾಂತ ಮತ್ತು ಕಬ್ಬಿಣ ಎರಡೂ ಅದನ್ನು ದಾರಿ ತಪ್ಪಿಸುತ್ತವೆ.

ಬಣ್ಣ ಮತ್ತು ವಸ್ತುಗಳ ಸರದಿ ಕೊನೆಗೆ. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಪಂಚತತ್ತ್ವಗಳಲ್ಲಿ ಪ್ರತಿಯೊಂದೂ ಮುಂದಿನದನ್ನು ಪೋಷಿಸುತ್ತದೆ, ನೀರು ಮತ್ತೆ ಮರವನ್ನು. ಪೂರ್ವ ಮತ್ತು ಆಗ್ನೇಯ ಮರಕ್ಕೆ ಸೇರಿದ್ದರಿಂದ ಅಲ್ಲಿ ಗಿಡ ಅಥವಾ ಹಸಿರು, ಬೆಂಕಿಯ ದಿಕ್ಕಾದ ದಕ್ಷಿಣದಲ್ಲಿ ದೀಪ, ಲೋಹದ ಪಶ್ಚಿಮದಲ್ಲಿ ಬಿಳಿ ಬಣ್ಣ ಅಥವಾ ಲೋಹದ ಕಡತಪೆಟ್ಟಿಗೆ ಒಪ್ಪುತ್ತದೆ. ಗೋಡೆಗೆ ಬಣ್ಣ ಬಳಿಯುವ ಮೊದಲು ಅದೇ ಬಣ್ಣದ ಬಟ್ಟೆಯನ್ನೋ ಕಾಗದವನ್ನೋ ಕೆಲವು ದಿನ ತೂಗುಹಾಕಿ, ಹಗಲಿನ ಮತ್ತು ದೀಪದ ಬೆಳಕಿನಲ್ಲಿ ಕಣ್ಣಿಗೆ ಹಿತವೆನಿಸುತ್ತದೆಯೇ ಎಂದು ನೋಡಿಕೊಂಡು ತೀರ್ಮಾನಿಸಿ.