ಅಂಕೆ ಮನೆ, ಅಕ್ಷರ ಮನೆ, ಆಕಾರ ಮನೆ: ನಮ್ಮ ಪ್ರೌಢಶಾಲೆಯ ಗಣಿತದ ಅನುಭವ

ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳನ್ನು ಬೆರೆಸಿ ಗಣಿತ ಮಾಡಿದರೆ ಸಿಲಬಸ್ ಮುಗಿಯೋದೇ ಇಲ್ಲ ಅಂದ ಶಿಕ್ಷಕರೇ ಈಗ ಫೋನ್ ಮಾಡಿ ವೇಳಾಪಟ್ಟಿ ಕೇಳುತ್ತಿದ್ದಾರೆ. ದಿನಕ್ಕೊಂದು ಪಿರಿಯಡ್ ತರಗತಿ ಲೆಕ್ಕ ಬಿಟ್ಟು, ಮಗುವಿಗೆ ಬರದ ಗಣಿತದ 'ಮನೆ'ಯಲ್ಲಿ ಅದನ್ನು ಕೂರಿಸುವ ಪದ್ಧತಿ ನಮ್ಮದು. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅನ್ನಿಸಿತು. ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಮೂರೂ ತರಗತಿ ಸೇರಿ 140ರ ಆಸುಪಾಸು ಮಕ್ಕಳು. ನಾನು ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಶಿಕ್ಷಕಿ.

ಶುರು ಮಾಡಿದ್ದು 2022ರ ಜೂನ್‌ನಲ್ಲಿ. ಕೊರೊನಾದಲ್ಲಿ ಎರಡು ವರ್ಷ ಕಳೆದುಕೊಂಡು ಬಂದ ಮಕ್ಕಳು. ಹತ್ತನೇ ತರಗತಿಗೆ 612ನ್ನು 6ರಿಂದ ಭಾಗಿಸಿ ಅಂದೆ. ಅರ್ಧಕ್ಕಿಂತ ಜಾಸ್ತಿ ನೋಟ್‌ಬುಕ್ಕಿನಲ್ಲಿ ಉತ್ತರ 12. ಆರೊಂದ್ಲ ಆರು, ಆಮೇಲೆ ಒಂದನ್ನು ಇಳಿಸಿ, ಹೋಗಲ್ಲ ಅಂತ ಎರಡನ್ನೂ ಇಳಿಸಿ, ಆರೆರಡ್ಲ ಹನ್ನೆರಡು. ನಡುವಿನ ಸೊನ್ನೆ ಎಲ್ಲೂ ಇಲ್ಲ. ಮೈನಸ್ 3 ಮೈನಸ್ 5 ಎಷ್ಟು ಅಂದರೆ ತಟ್ಟನೆ 8 ಅನ್ನುತ್ತಾರೆ. 'ಮೈನಸ್ಸು ಮೈನಸ್ಸು ಪ್ಲಸ್ಸು' ಅಂತ ಯಾರೋ ಕಿವಿಗೆ ಹಾಕಿದ್ದು ಹಾಗೇ ಕೂತಿದೆ. ಇವರ ಕೈಯಲ್ಲಿ ವರ್ಗ ಸಮೀಕರಣ ಮಾಡಿಸಬೇಕು. ಎಕ್ಸ್ ವರ್ಗ ಮೈನಸ್ 3 ಎಕ್ಸ್ ಮೈನಸ್ 10 ಕೊಟ್ಟರೆ ಸೂತ್ರವನ್ನು ಚೆನ್ನಾಗಿಯೇ ಬರೆಯುತ್ತಾರೆ. ಬಿ ವರ್ಗದಿಂದ 4 ಎಸಿ ಕಳೆಯುವ ಹತ್ತಿರ ಬಂದು 49ರ ಬದಲು ಮೈನಸ್ 31 ಬರೆದು, ವರ್ಗಮೂಲದ ಮುಂದೆ ಪೆನ್ನು ಹಿಡಿದು ಕೂರುತ್ತಾರೆ. 5 ಮತ್ತು ಮೈನಸ್ 2 ಬರೋದು ದೂರದ ಮಾತು.

ಜೂನ್‌ನ ಸೇತುಬಂಧದಲ್ಲಿ (ಹಿಂದಿನ ತರಗತಿಯ ಪಾಠ ಮತ್ತೆ ಕಲಿಸುವ ದಿನಗಳಲ್ಲಿ) ಇದು ಸರಿಯಾಗಲ್ಲ ಅಂತ ನಿಮಗೂ ಗೊತ್ತು. ಜನವರಿಯ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗುವಷ್ಟನ್ನೇ ಉರು ಹೊಡೆಸುವುದು, ಆಗ ಪಾಸಿಗೆ ಬೇಕಿದ್ದ 80ಕ್ಕೆ 28 ದಾಟಿಸಬಹುದಿತ್ತು. ಗ್ರಾಫ್ ಒಂದು, ಥೇಲ್ಸ್ ಪ್ರಮೇಯ ಒಂದು, ಸರಾಸರಿಯ ಕೋಷ್ಟಕ ಒಂದು. ಹಾಗೆ ಪಾಸಾದ ಹುಡುಗ ಪಿಯುಸಿಗೋ ಡಿಪ್ಲೊಮಾಗೋ ಹೋದ ಮೇಲೆ? ನನ್ನ ಕೊರಗು ಅದೇ ಆಗಿತ್ತು.

ನಾವು ಮಾಡಿದ್ದು ಇಷ್ಟು. ದಿನದ ಮೊದಲನೇ ಪಿರಿಯಡ್‌ನಲ್ಲಿ ಇಡೀ ಶಾಲೆಗೆ ಗಣಿತ. ತರಗತಿ ಲೆಕ್ಕವಿಲ್ಲ, ಮಗುವಿಗೆ ಏನು ಬರಲ್ಲವೋ ಅಲ್ಲಿ ಕೂರಬೇಕು. ಅಂಕೆ ಮನೆಯಲ್ಲಿ ಭಾಗಾಕಾರ, ಭಿನ್ನರಾಶಿ, ಋಣಸಂಖ್ಯೆ. ಅಕ್ಷರ ಮನೆಯಲ್ಲಿ ಆವರಣ ಬಿಡಿಸುವುದು, ಅಪವರ್ತನ, ಸರಳ ಸಮೀಕರಣ. ಆಕಾರ ಮನೆಯಲ್ಲಿ ಕೈವಾರ, ಕೋನ, ಸಮರೂಪ ತ್ರಿಭುಜ, ಗ್ರಾಫ್. ಒಂದೊಂದು ಮನೆ ಐದಾರು ವಾರದ ಕೋರ್ಸು. ತರಗತಿಯ ಪಾಠ ಅದರ ಪಿರಿಯಡ್‌ನಲ್ಲಿ ಎಂದಿನಂತೆ.

ಮೊದಲ ವರ್ಷ ಈ ಹೆಸರುಗಳಿರಲಿಲ್ಲ. ಒಂದನೇ ಹಂತ, ಎರಡನೇ ಹಂತ, ಮೂರನೇ ಹಂತ ಅಂತಿತ್ತು. ನಡೆಯಲೇ ಇಲ್ಲ. ಒಂದನೇ ಹಂತಕ್ಕೆ ಬಿದ್ದ ಹತ್ತನೇ ತರಗತಿ ಹುಡುಗರು ಮೊದಲ ಪಿರಿಯಡ್ ಮುಗಿದ ಮೇಲೇ ಗೇಟು ದಾಟುತ್ತಿದ್ದರು. 'ಮೇಡಂ, ನಮ್ ಹುಡ್ಗನ್ನ ಎಂಟನೇ ಕ್ಲಾಸ್ ಚಿಲ್ಟುಗಳ ಜೊತೆ ಕೂರಿಸ್ತೀರಂತೆ?' ಅಂತ ಒಬ್ಬ ತಾಯಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೇ ಜೋರು ಮಾಡಿದರು. ಸಹೋದ್ಯೋಗಿಗಳೂ ಕೈಬಿಡಿ ಅಂದರು. ಆ ವರ್ಷದ ಫಲಿತಾಂಶ ಅವರ ಮಾತಿಗೆ ಸರಿಯಾಗಿಯೇ ಬಂತು. ನಲವತ್ತೈದರ ಹತ್ತಿರ ಮಕ್ಕಳಲ್ಲಿ ಹದಿನೈದು ಹದಿನಾರು ಜನ ಗಣಿತದಲ್ಲಿ ನಪಾಸು.

ತಿರುವು ಸಿಕ್ಕಿದ್ದು ಹಂತ ತೆಗೆದು ಮನೆ ಮಾಡಿದಾಗ. ಹಂತಕ್ಕೆ ಮೇಲೆ ಕೆಳಗೆ ಇದೆ, ಮನೆಗಿಲ್ಲ. ಯಾರು ಯಾವ ಮನೆಗೆ ಅಂತ ತಿಳಿಯಲು ಮೂರು ಮನೆಗೂ ಬೇರೆ ಬೇರೆ ಪ್ರವೇಶ ಕಾರ್ಡು, ಒಂದೊಂದರಲ್ಲಿ ಹತ್ತು ಲೆಕ್ಕ. ಆಗ ಗೊತ್ತಾಯಿತು, ಬೀಜಗಣಿತದಲ್ಲಿ ಶಾಲೆಗೇ ಮೊದಲಿದ್ದ ಹುಡುಗಿಗೆ ಕೋನಮಾಪಕ ಎಲ್ಲಿಡಬೇಕು ಅಂತ ಗೊತ್ತಿರಲಿಲ್ಲ. ಅವಳು ಆಕಾರ ಮನೆಯಲ್ಲಿ ಎಂಟನೇ ತರಗತಿಯವರ ಪಕ್ಕ ಕೂತಳು. ಅವತ್ತಿನಿಂದ ಯಾರೂ ನಾಚಿಕೆಯ ಮಾತು ಎತ್ತಲಿಲ್ಲ.

ಮೂರು ಮನೆಗೆ ಮೂವರು ಬೇಕಲ್ವಾ? ರಸಾಯನಶಾಸ್ತ್ರ, ಜೀವಶಾಸ್ತ್ರ ಕಲಿಸುವ ಸಿಬಿಜೆಡ್ ಸರ್ ಒಂದು ತಿಂಗಳು ಗೊಣಗಿ ಒಪ್ಪಿದರು. ಆಕಾರ ಮನೆ ಚಿತ್ರಕಲಾ ಮೇಷ್ಟ್ರದು. ಈ ಆಯ್ಕೆಯ ಬಗ್ಗೆ ನನಗೆ ಹೆಮ್ಮೆ ಇದೆ. ಬೋರ್ಡಿನ ಮೇಲೆ ಅವರು ಬರಿಗೈಯಲ್ಲಿ ಎಳೆಯುವ ವೃತ್ತ ನನಗೆ ಕೈವಾರದಲ್ಲೂ ಬರಲ್ಲ.

ದುಡ್ಡಿನ ವಿಷಯ. ಮೊದಲ ವರ್ಷ ಹತ್ತು ಹನ್ನೊಂದು ಸಾವಿರ ಆಯಿತು. ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಜಾಮಿಟ್ರಿ ಬಾಕ್ಸ್ ತಂದೆವು, ಒಂದಕ್ಕೆ 70 ರೂಪಾಯಿ ಲೆಕ್ಕದಲ್ಲಿ ಐವತ್ತು. ಮಕ್ಕಳ ಮನೆಗೆ ಕೊಡಲ್ಲ, ಟ್ರಂಕಿನಲ್ಲೇ ಇರುತ್ತವೆ. ಅಗ್ಗದ ಕೈವಾರದಲ್ಲಿ ಪೆನ್ಸಿಲ್ ಜಾರಿ ತ್ರಿಜ್ಯ ಬದಲಾಗುತ್ತದೆ. ಸೈಕಲ್ ಟ್ಯೂಬಿನ ಸಣ್ಣ ತುಂಡು ಸುತ್ತಿ ಬಿಗಿದರೆ ಅಲ್ಲಾಡಲ್ಲ. ಜೆರಾಕ್ಸ್‌ಗೆ ಮೂರು ಸಾವಿರ ಹೋಯಿತು. ಮರುವರ್ಷ ಕಾರ್ಡುಗಳನ್ನೇ ಲ್ಯಾಮಿನೇಟ್ ಮಾಡಿಸಿ, ಲೆಕ್ಕ ಸ್ಲೇಟಿನಲ್ಲಿ ಮಾಡಿಸಿದೆವು. ಈಗ ವರ್ಷಕ್ಕೆ ಮೂರು ಸಾವಿರ ಸಾಕು. ಊರಿನ ರೀಲರ್ (ಗೂಡಿನಿಂದ ರೇಷ್ಮೆ ನೂಲು ತೆಗೆಸುವವರು) ಒಬ್ಬರು ಐದು ಸಾವಿರ ಕೊಟ್ಟರು. ಉಳಿದದ್ದು ನನ್ನ ಸಂಬಳದ್ದು. ಅನುದಾನ ಕೇಳಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ.

ನಮ್ಮ ಕಡೆ ಇನ್ನೊಂದು ತೊಂದರೆ ರೇಷ್ಮೆ ಹುಳು. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹೊತ್ತು) ಎದ್ದ ಮೇಲೆ ಸೊಪ್ಪು ಹಾಕಲು ಮಕ್ಕಳು ಬೇಕು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಹಾಕುವ ದಿನ ಅರ್ಧ ತರಗತಿ ಖಾಲಿ. ಲೆಕ್ಕ ಕಾರ್ಡಿನಲ್ಲೇ ಇರುವುದರಿಂದ ವಾಪಸ್ ಬಂದ ಮಗು ಬಿಟ್ಟ ಲೆಕ್ಕದಿಂದಲೇ ಮುಂದುವರಿಯುತ್ತದೆ. ಇದರಿಂದಲೇ ಒಂದು ಪ್ರಯೋಗ ಹೊಳೆಯಿತು. ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ಇಲ್ಲಿ ಒಂದು ಮೊಟ್ಟೆ) 70 ಕೆ.ಜಿ. ಗೂಡು ಬಂದರೆ ನೂರೈವತ್ತಕ್ಕೆ ಎಷ್ಟು ಅಂದರೆ, ಸಮಾನುಪಾತ ಅಂದರೇನು ಅಂತ ಗೊತ್ತಿಲ್ಲದವರೂ ನೂರೈದು ಅನ್ನುತ್ತಾರೆ. ಎಲ್ಲವನ್ನೂ ಗೂಡಿನ ಲೆಕ್ಕದಲ್ಲೇ ಮಾಡಿಸೋಣ ಅಂತ ಸ್ವಲ್ಪ ದಿನ ನೋಡಿದೆ. ಬಾಯಲ್ಲಿ ಉತ್ತರ ಬಂದ ಮೇಲೆ ಹಂತ ಬರೆಯಲು ಒಪ್ಪುತ್ತಿರಲಿಲ್ಲ, ಅಂಕ ಇರೋದು ಹಂತಕ್ಕೆ. ಈಗ ಅದನ್ನು ಸಮರೂಪ ತ್ರಿಭುಜದ ಮೊದಲ ದಿನಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ನೀರಿನ ಟ್ಯಾಂಕಿನ ಪ್ರಯೋಗ ಮಾತ್ರ ಬಿಡಬೇಡಿ. ಕೋನಮಾಪಕಕ್ಕೆ ಸ್ಟ್ರಾ ಅಂಟಿಸಿ, ದಾರಕ್ಕೆ ಕಲ್ಲು ಕಟ್ಟಿ, ಮಕ್ಕಳು ಟ್ಯಾಂಕಿನ ತುದಿ ನೋಡುತ್ತಾ, ಉನ್ನತ ಕೋನ 45 ಡಿಗ್ರಿ ಬರುವ ತನಕ ಹಿಂದೆ ಹಿಂದೆ ನಡೆಯಲಿ. ಅಲ್ಲಿಂದ ಟ್ಯಾಂಕಿನ ಬುಡಕ್ಕೆ ಇರುವ ದೂರಕ್ಕೆ ಕಣ್ಣಿನ ಎತ್ತರ ಸೇರಿಸಿದರೆ ಟ್ಯಾಂಕಿನ ಎತ್ತರ. ನಮ್ಮ ಗುಂಪುಗಳಿಗೆಲ್ಲ 15 ಮೀಟರಿನ ಅಕ್ಕಪಕ್ಕವೇ ಬಂತು. ಟ್ಯಾನ್ 45 ಒಂದು ಅನ್ನೋದನ್ನು ಆಮೇಲೆ ಯಾರೂ ಮರೆತಿಲ್ಲ.

2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ, ಬಂತು. ರಾಜ್ಯದ ಎಸ್ಎಸ್ಎಲ್‌ಸಿ ಫಲಿತಾಂಶ ಹಿಂದಿನ ವರ್ಷದ ಸುಮಾರು 84ರಿಂದ 73 ಶೇಕಡಾಕ್ಕೆ ಇಳಿಯಿತು, ಅದೂ ಕೃಪಾಂಕ ಸೇರಿ. ನಮ್ಮದು ಇಳಿಯಲಿಲ್ಲ. ಏರಲೂ ಇಲ್ಲ. ಎಂಟನೇ ತರಗತಿಯಿಂದಲೇ ಹೀಗೆ ಬೆರೆತು ಕೂತ ಮೊದಲ ತಂಡ ಪರೀಕ್ಷೆ ಬರೆದದ್ದು 2025ರಲ್ಲಿ. ಐವತ್ತರ ಹತ್ತಿರ ಮಕ್ಕಳು. ಪರೀಕ್ಷೆ 1ರಲ್ಲಿ ಗಣಿತ ಹೋದದ್ದು ನಾಲ್ಕೋ ಐದೋ ಜನಕ್ಕೆ, ಅವರಲ್ಲೂ ಹೆಚ್ಚಿನವರು ಪರೀಕ್ಷೆ 2ರಲ್ಲಿ ಪಾಸು. 80ಕ್ಕೆ 60 ದಾಟುವವರು ಮೊದಲು ಮೂರ್ನಾಲ್ಕು ಜನ, ಈಗ ಹದಿನೈದರ ಮೇಲೆ. ಸಿಲಬಸ್? ಡಿಸೆಂಬರ್‌ನಲ್ಲೇ ಮುಗಿಯಿತು. ಸೊನ್ನೆಗೂ ಮೈನಸ್ಸಿಗೂ ನಿಲ್ಲುವ ಹೊತ್ತು ಉಳಿದದ್ದರಿಂದ ಪಾಠ ಓಡಿತು.

ಪ್ರವೇಶ ಕಾರ್ಡಿನ ಹತ್ತರಲ್ಲಿ ಎರಡು ಲೆಕ್ಕ ಇವೆ. ಪಕ್ಕದವರದ್ದು ನೋಡಿ ಬರೆದ ಮಗು ಅಲ್ಲಿ ಗೊತ್ತಾಗಿಬಿಡುತ್ತದೆ. ಅವನ್ನು ಇಲ್ಲಿ ಬರೆಯಲ್ಲ. ಶಾಲೆಗೆ ಬನ್ನಿ, ತೋರಿಸುತ್ತೇನೆ.

ವೇಳಾಪಟ್ಟಿ ಕೇಳಿದವರಿಗೆ: ಸೋಮವಾರದಿಂದ ಶುಕ್ರವಾರದವರೆಗೆ ಪ್ರಾರ್ಥನೆ ಮುಗಿದ ತಕ್ಷಣದ 40 ನಿಮಿಷ. ಶನಿವಾರ ಬೇಡ, ಕಾರ್ಡು ತಿದ್ದಲು ನಿಮಗೂ ಸಮಯ ಬೇಕು. ಅಂಕೆ ಮನೆಗೆ ದೊಡ್ಡ ಕೊಠಡಿ ಕೊಡಿ, ಜೂನ್‌ನಲ್ಲಿ ಅಲ್ಲೇ ಅರ್ಧ ಶಾಲೆ ಇರುತ್ತದೆ.